ನಶೆಗೆ ಲೈಸೆನ್ಸ್ ಕೊಡಿ ಅಂತ ವಿಶ್ವಸಂಸ್ಥೆ ಹೇಳಬೇಕಾ? ಮಗಳಿಗೆ ‘ಪರ’ ಬಂದಿದೆ, ಸಹಾಯ ಮಾಡಿ

ರಾಗಿಮುದ್ದೆ
ಎಲ್ಲರಿಗೂ ನಮಸ್ಕಾರ. ಮಗಳು ಎರಡನೇ ಪಿಯುಸಿ. ಬರೋ ಶನಿವಾರ ಕಾಲೇಜಲ್ಲಿ ಚರ್ಚಾ ಸ್ಪರ್ಧೆ ಇದೆ. ವಿಷಯ: ‘ಮೋಜಿಗಾಗಿ ಬಳಸುವ ಮಾದಕ ವಸ್ತುಗಳನ್ನು ಕಾನೂನುಬದ್ಧಗೊಳಿಸುವಂತೆ ವಿಶ್ವಸಂಸ್ಥೆ ದೇಶಗಳನ್ನು ಉತ್ತೇಜಿಸಬೇಕು’. ಚೀಟಿ ಎತ್ತಿದಾಗ ಇವಳಿಗೆ ಬಂದಿದ್ದು ‘ಪರ’.

ಎರಡು ದಿನದಿಂದ ಮನೆಯಲ್ಲಿ ಇದೇ ಗಲಾಟೆ. ಇಂಥ ವಿಷಯ ಕೊಡೋ ಕಾಲೇಜಿಗಾ ಇಷ್ಟು ಫೀಸ್ ಕಟ್ಟಿದ್ದು ಅಂತ ನನ್ನ ಹೆಂಡತಿ. ಬೇಳೆ ಆರಿಸುತ್ತಾ ಕೂತಿದ್ದ ನಮ್ಮಮ್ಮ ತಲೆ ಎತ್ತಿ, ‘ಏನದು, ಭಂಗಿ ಸೊಪ್ಪಿನ ವಿಷಯಾನಾ? ನಮ್ಮಪ್ಪ ಹಿತ್ತಲಲ್ಲಿ ನಾಲ್ಕು ಗಿಡ ಹಾಕಿದ್ರಲ್ಲ’ ಅಂದುಬಿಟ್ಟರು. ಆಮೇಲೆ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ.

ನನಗಂತೂ ‘ಪರ’ ಮಾತಾಡೋಕೆ ಏನೂ ಹೊಳೀತಿಲ್ಲ. ಗೊತ್ತಿದ್ದವರು ಹೇಳಿ. ಬೈಯೋದಾದರೆ ನನ್ನನ್ನ ಬೈಯಿರಿ, ಮಗುವನ್ನ ಬೇಡ.

ಒಗ್ಗರಣೆ ಡಬ್ಬಿ
ಅಜ್ಜಿಯನ್ನೇ ಸ್ಟೇಜ್ ಹತ್ತಿಸಿ ಸಾರ್. ಫಸ್ಟ್ ಪ್ರೈಜ್ ಗ್ಯಾರಂಟಿ.

ಕುಡ್ಲ ಕಡಲು
ಸುಲಭ ಅಲ್ವಾ ಮಾರಾಯ್ರೆ. ವಿಶ್ವಸಂಸ್ಥೆ ಆಗಲೇ 2020ರಲ್ಲಿ ಗಾಂಜಾವನ್ನ ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದಿದೆ. ಇಂಡಿಯಾನೂ ವೋಟ್ ಹಾಕಿದೆ. ಪೋರ್ಚುಗಲ್‌ನಲ್ಲಿ 2001ರಿಂದ ಎಲ್ಲ ಡ್ರಗ್ಸ್ ಲೀಗಲ್. ನೆದರ್‌ಲೆಂಡ್ಸ್‌ನಲ್ಲಿ ಯಾವಾಗಿಂದಲೋ ಲೀಗಲ್. ಇನ್ನೇನು ಬೇಕು?

ಕರಿಕೋಟು
ಕುಡ್ಲದವರೇ, ಮೂರು ಹೇಳಿದಿರಿ. ಮೂರೂ ಅರ್ಧ ಸತ್ಯ. ಎದುರು ಪಕ್ಷದ ಹುಡುಗ ಸ್ವಲ್ಪ ಓದಿಕೊಂಡು ಬಂದಿದ್ದರೆ ಮಗು ಸ್ಟೇಜ್ ಮೇಲೆ ಸಿಕ್ಕಿಹಾಕಿಕೊಳ್ಳುತ್ತೆ.

2020ರ ಡಿಸೆಂಬರ್ 2ರಂದು ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗದಲ್ಲಿ ಮತದಾನ ನಡೀತು. 27 ಪರ, 25 ವಿರುದ್ಧ, ಒಂದು ದೇಶ ತಟಸ್ಥ. ಭಾರತ ಪರವಾಗಿ ಹಾಕಿದ್ದು ನಿಜ. ಆದರೆ ಗಾಂಜಾವನ್ನ ತೆಗೆದದ್ದು ನಾಲ್ಕನೇ ಪಟ್ಟಿಯಿಂದ ಮಾತ್ರ, ಅಂದರೆ ಹೆರಾಯಿನ್ ಜೊತೆ ಕೂರಿಸಿದ್ದ ಅತಿ ಅಪಾಯದ ಪಟ್ಟಿಯಿಂದ. ಮೊದಲನೇ ಪಟ್ಟಿಯಲ್ಲಿ ಇವತ್ತಿಗೂ ಇದೆ. ಔಷಧಿ, ಸಂಶೋಧನೆಗೆ ದಾರಿ ಸ್ವಲ್ಪ ಸಲೀಸಾಯಿತು ಅಷ್ಟೆ.

ಪೋರ್ಚುಗಲ್ ಯಾವುದನ್ನೂ ಕಾನೂನುಬದ್ಧ ಮಾಡಿಲ್ಲ. ಹತ್ತು ದಿನದ ಸ್ವಂತ ಬಳಕೆಗೆ ಆಗುವಷ್ಟು ಇಟ್ಟುಕೊಂಡಿದ್ದರೆ ಕ್ರಿಮಿನಲ್ ಕೇಸ್ ಇಲ್ಲ, ಮೂರು ಜನರ ಸಮಿತಿ ಮುಂದೆ ಹೋಗಿ ಕೂರಬೇಕು. ಮಾರಿದರೆ ಅಲ್ಲೂ ಜೈಲೇ. ಇನ್ನು ನೆದರ್‌ಲೆಂಡ್ಸ್ ಕತೆ ನಮ್ಮೂರಿನದೇ ಥರ. ಕಾನೂನಲ್ಲಿ ತಪ್ಪು, ಆದರೆ ಕಾಫಿ ಶಾಪಲ್ಲಿ ಐದು ಗ್ರಾಂವರೆಗೆ ಗಾಂಜಾ ಮಾರಿದರೆ ಕಂಡೂ ಕಾಣದ ಹಾಗೆ ಇರ್ತಾರೆ. ಮುಂದಿನ ಬಾಗಿಲಲ್ಲಿ ಮಾರಾಟಕ್ಕೆ ಬಿಟ್ಟು, ಹಿಂದಿನ ಬಾಗಿಲಿಗೆ ಮಾಲು ಬರೋದನ್ನ ಅಪರಾಧವಾಗಿಯೇ ಇಟ್ಟುಕೊಂಡಿದ್ದರು. ಇತ್ತೀಚೆಗಷ್ಟೇ ಕೆಲವು ಊರುಗಳಲ್ಲಿ ಲೈಸೆನ್ಸ್ ಇರೋ ಬೆಳೆಗಾರರಿಂದ ತರಿಸೋ ಪ್ರಯೋಗ ಶುರುವಾಗಿದೆ.

ಹಾಗಾಗಿ ಮೊದಲು ಇದನ್ನ ಬಿಡಿಸಿಕೊಳ್ಳಿ: ‘ಜೈಲಿಗೆ ಹಾಕಲ್ಲ’ ಅನ್ನೋದು ಬೇರೆ, ‘ಅಂಗಡಿ ಇಡಬಹುದು’ ಅನ್ನೋದು ಬೇರೆ.

ಕುಡ್ಲ ಕಡಲು
ಆಯ್ತು ವಕೀಲರೇ, ಫೀಸ್ ಎಷ್ಟು?

ಬೆಳಗಾವಿ ಕುಂದಾ
ನೋಡ್ರಿ, ನನ್ನದು ವಿರೋಧ. ಸಾರಾಯಿಗೆ ಲೈಸೆನ್ಸ್ ಕೊಟ್ಟು ಸರ್ಕಾರ ಏನು ಉದ್ಧಾರ ಮಾಡಿತು ಅಂತ ಕಂಡವರು ನಾವು. ನಮ್ಮ ಓಣಿಯಲ್ಲಿ ಸಂಜೆ ಆರಕ್ಕೆ ಪ್ಯಾಕೆಟ್ ಸಾರಾಯಿ ಅಂಗಡಿ ಮುಂದೆ ರೇಷನ್‌ಗಿಂತ ಉದ್ದ ಸಾಲು ಇರುತ್ತಿತ್ತು. ಈಗ ಅದರ ಪಕ್ಕ ಗಾಂಜಾ ಅಂಗಡೀನೂ ಬೇಕೇನು?

ಮಾಸ್ತರು (ರಿಟೈರ್ಡ್)
ಕುಂದಾ ಅವರೇ, ಅದೇ ಉದಾಹರಣೆ ತಿರುಗಿಸಿ ನೋಡಿ. 2007ರ ಜುಲೈ 1ಕ್ಕೆ ಸಾರಾಯಿ ಬಂದ್ ಆಯಿತು. ಕುಡಿತ ಬಂದ್ ಆಯಿತೇ? ಅದೇ ಜನ 90 ಎಂಎಲ್ ಟೆಟ್ರಾ ಪ್ಯಾಕಿಗೆ ಹೋದರು. ದುಡ್ಡು ಜಾಸ್ತಿ ಖರ್ಚಾಯಿತು, ಅಷ್ಟೆ. ನನ್ನ ಶಾಲೆಯಲ್ಲಿ ಮಕ್ಕಳ ಫೀಸ್ ಬಾಕಿ ಇಳಿಯಲಿಲ್ಲ.

ಬೆಳಗಾವಿ ಕುಂದಾ
ಮಾಸ್ತರ, ಹಂಗಂದ್ರ ನಮ್ಮ ಓಣಿಯ ಹೆಣ್ಣುಮಕ್ಕಳನ್ನ ಕೇಳ್ರಿ. ಆ ಅಂಗಡಿ ಮುಚ್ಚಿದ ದಿನ ನಮ್ಮವ್ವ ಹೋಳಿಗೆ ಮಾಡಿದ್ದಳು. ಆಮೇಲೆ ಕುಡಿತ ಮತ್ತೆ ಬಂತು, ಖರೆ. ಆದರೆ ಮನೆ ಬಾಗಿಲಲ್ಲೇ ಸಿಗೋದಕ್ಕೂ ಎರಡು ಕಿಲೋಮೀಟರ್ ನಡೆದು ಹೋಗಿ ತರೋದಕ್ಕೂ ವ್ಯತ್ಯಾಸ ಐತಿ. ಕುಡುಕನಿಗೆ ಆ ಎರಡು ಕಿಲೋಮೀಟರೇ ದೊಡ್ಡದು.

ಒಗ್ಗರಣೆ ಡಬ್ಬಿ
ಗುಟ್ಕಾ ಬಗ್ಗೆ ಯಾರೂ ಮಾತಾಡಲ್ವಾ? 2013ರಲ್ಲಿ ನಿಷೇಧ ಆಯ್ತು. ನಮ್ಮ ಬೀದಿ ಕೊನೆಯ ಗೂಡಂಗಡಿಯಲ್ಲಿ ಮಾರನೇ ದಿನದಿಂದ ಎರಡು ಪ್ಯಾಕೆಟ್ ನೇತಾಡುತ್ತಿವೆ. ಒಂದು ಪಾನ್ ಮಸಾಲಾ, ಒಂದು ತಂಬಾಕು. ಗಿರಾಕಿ ಎರಡನ್ನೂ ಹರಿದು, ಒಂದನ್ನ ಇನ್ನೊಂದಕ್ಕೆ ಸುರಿದು, ಅಲ್ಲಾಡಿಸಿ, ಬಾಯಿಗೆ ಹಾಕಿಕೊಳ್ತಾನೆ. ನಿಷೇಧದಿಂದ ಆದ ಒಂದೇ ಲಾಭ ಅಂದ್ರೆ ಗೂಡಂಗಡಿಯವನಿಗೆ ಎರಡು ಐಟಂ ಮಾರಾಟ.

ರಾಗಿಮುದ್ದೆ
ಸ್ವಾಮಿ, ಗುಟ್ಕಾ ಬೇಡ, ವಿಶ್ವಸಂಸ್ಥೆಗೆ ಬನ್ನಿ. ಮಗಳು ಪಕ್ಕದಲ್ಲೇ ಕೂತು ನೋಟ್ಸ್ ಮಾಡ್ತಿದ್ದಾಳೆ.

ಟೊರಾಂಟೊ ತಿಂಡಿಪೋತ
ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ನಮ್ಮ ಫ್ಲಾಟಿಂದ ಹಾಲು ತರೋ ಅಂಗಡಿಗಿಂತ ಗಾಂಜಾ ಅಂಗಡಿ ಹತ್ತಿರ. ಹೊರಗಿಂದ ಒಳಗಿನ ಮಾಲು ಕಾಣಬಾರದು ಅಂತ ರೂಲ್ ಇತ್ತು. ಹಾಗಾಗಿ ಗಾಜಿಗೆಲ್ಲ ಬಿಳಿ ಸ್ಟಿಕ್ಕರ್, ನೋಡೋಕೆ ದಂತವೈದ್ಯರ ಕ್ಲಿನಿಕ್ ಥರ. ಒಂಟಾರಿಯೊದಲ್ಲಿ 19 ವರ್ಷ ಆಗಿರಬೇಕು, ಗುರುತಿನ ಚೀಟಿ ತೋರಿಸಬೇಕು. ಹೊರಗಡೆ 30 ಗ್ರಾಂ ಮೀರಿ ಇಟ್ಟುಕೊಳ್ಳೋ ಹಾಗಿಲ್ಲ. ಮನೆಯಲ್ಲಿ ನಾಲ್ಕು ಗಿಡ ಬೆಳೆಸಬಹುದು (ಅಜ್ಜಿಯ ಹಿತ್ತಲ ಲೆಕ್ಕಕ್ಕೆ ಸರಿಯಾಗಿದೆ!). ತಿನ್ನೋ ಮಾಲಾದರೆ ಒಂದು ಪ್ಯಾಕೆಟ್‌ನಲ್ಲಿ ನಶೆಯ ಅಂಶ 10 ಮಿಲಿಗ್ರಾಂಗಿಂತ ಹೆಚ್ಚು ಇರಬಾರದು, ಮಕ್ಕಳಿಗೆ ಬಿಚ್ಚೋಕೆ ಆಗದ ಡಬ್ಬಿ, ಮೇಲೆ ಹಳದಿ ಎಚ್ಚರಿಕೆ ಚೀಟಿ.

ಆಕಾಶ ಕಳಚಿ ಬಿದ್ದಿಲ್ಲ. ಹಾಗಂತ ಸ್ವರ್ಗಾನೂ ಇಳಿದಿಲ್ಲ. ಲಿಫ್ಟ್ ತುಂಬಾ ವಾಸನೆ. ಶಿವಮೊಗ್ಗದಿಂದ ಬಂದಿದ್ದ ಅಮ್ಮ ಮೂರು ದಿನ ‘ಇಲ್ಲಿ ಯಾರೋ ಒದ್ದೆ ಹುಲ್ಲು ಸುಡ್ತಾರಲ್ಲೋ’ ಅಂತಿದ್ದರು. ನಾನೂ ಹೂಂ ಅಂದೆ.

ಒಂದು ಮಾತು. ಕೆನಡಾ ಇದನ್ನ ಮಾಡಿದ್ದು ವಿಶ್ವಸಂಸ್ಥೆ ಉತ್ತೇಜಿಸಿತು ಅಂತ ಅಲ್ಲ. 1961ರ ಮಾದಕ ವಸ್ತು ಒಪ್ಪಂದ ಮುರಿದಿರಿ ಅಂತ ವಿಯೆನ್ನಾದಲ್ಲಿರೋ ಅಂತಾರಾಷ್ಟ್ರೀಯ ಮಾದಕ ವಸ್ತು ನಿಯಂತ್ರಣ ಮಂಡಳಿ ಬೇಜಾರು ಮಾಡಿಕೊಂಡಿತು. ಕೆನಡಾ ಕೇಳಿಸಿಕೊಂಡು ಸುಮ್ನಾಯಿತು. 2013ರಲ್ಲೇ ಕಾನೂನು ಮಾಡಿದ ಉರುಗ್ವೆಗೂ ಅದೇ ಬೈಗುಳ, ಅದೇ ಉತ್ತರ.

ಬೆಂಗ್ಳೂರು ಬಿಸಿಲು
ಥಾಯ್ಲೆಂಡ್ ಸೇರಿಸಿಕೊಳ್ಳಿ. 2022ರ ಜೂನ್‌ನಲ್ಲಿ ಗಾಂಜಾವನ್ನ ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದರು. ಅಂಗಡಿ ಹೇಗಿರಬೇಕು, ಯಾರಿಗೆ ಮಾರಬೇಕು ಅನ್ನೋ ಪೂರ್ತಿ ಕಾನೂನು ಮಾತ್ರ ಮಾಡಲೇ ಇಲ್ಲ. ನಾನು ಮಾರನೇ ವರ್ಷ ಬ್ಯಾಂಕಾಕ್‌ಗೆ ಹೋಗಿದ್ದೆ. ಸುಖುಂವಿತ್ ರಸ್ತೆಯಲ್ಲಿ ನಮ್ಮ ಜ್ಯೂಸ್ ಸೆಂಟರ್ ಥರ ಸಾಲಾಗಿ ಹಸಿರೆಲೆ ಬೋರ್ಡು. ಆಫೀಸ್ ಟ್ರಿಪ್ಪಿಗೆ ಬಂದ ನಮ್ಮ ಹುಡುಗರು ದೇವಸ್ಥಾನ ಬಿಟ್ಟು ಅಲ್ಲೇ ಫೋಟೊ ತೆಗೆಸಿಕೊಳ್ತಿದ್ದರು. 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಬೇಕೇ ಬೇಕು ಅಂತ ಸರ್ಕಾರ ವಾಪಸ್ ತಿರುಗಿತು. ಬಾಗಿಲು ತೆಗೆದು ಆಮೇಲೆ ಚಿಲಕ ಹುಡುಕಿದ ಹಾಗೆ.

ಅಮೆರಿಕದ ಒರೆಗಾನ್ ಕೂಡ. 2021ರಲ್ಲಿ ಎಲ್ಲ ಡ್ರಗ್ಸ್‌ಗೂ ಸ್ವಂತ ಬಳಕೆಗೆ ಜೈಲು ಬೇಡ, 100 ಡಾಲರ್ ದಂಡ ಸಾಕು ಅಂದರು. ಸಹಾಯವಾಣಿಗೆ ಫೋನ್ ಮಾಡಿದರೆ ಅದೂ ಮಾಫಿ. ಚಿಕಿತ್ಸೆಯ ವ್ಯವಸ್ಥೆ ಮಾತ್ರ ಹಿಂದೆ ಬಿತ್ತು. 2024ರ ಸೆಪ್ಟೆಂಬರ್‌ನಿಂದ ಮತ್ತೆ ಅಪರಾಧ.

ಕುಡ್ಲ ಕಡಲು
ಇವೆಲ್ಲ ವಿರುದ್ಧ ಪಕ್ಷಕ್ಕೆ ಪಾಯಿಂಟ್. ಮಗುವಿಗೆ ಬೇಕಾಗಿರೋದು ಪರ!

ಕರಿಕೋಟು
ಪರಕ್ಕೂ ಉಪಯೋಗ ಆಗುತ್ತೆ. ಥಾಯ್ಲೆಂಡ್ ಎಡವಿದ್ದು ನಿಯಮ ಇಲ್ಲದೆ ಬಿಟ್ಟಿದ್ದರಿಂದ. ಒರೆಗಾನ್ ಎಡವಿದ್ದು ಚಿಕಿತ್ಸೆ ಸಿದ್ಧ ಇಲ್ಲದೆ ಹೊರಟಿದ್ದರಿಂದ. ಎಲ್ಲರೂ ಕತ್ತಲಲ್ಲಿ ತಡಕಾಡೋ ಬದಲು ಹೀಗೆ ಮಾಡಿ ಅಂತ ಹೇಳೋಕೆ ಒಂದು ಅಂತಾರಾಷ್ಟ್ರೀಯ ಸಂಸ್ಥೆ ಬೇಕು ಅಂತ ವಾದಿಸಲಿ.

ತೊಡಕು ಎಲ್ಲಿದೆ ಅಂದ್ರೆ, 1961ರ ಒಪ್ಪಂದದ ನಾಲ್ಕನೇ ವಿಧಿ ಮಾದಕ ವಸ್ತುಗಳು ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಮಾತ್ರ ಅನ್ನುತ್ತೆ. ವಿಶ್ವಸಂಸ್ಥೆ ಈಗ ‘ಮೋಜಿಗೂ ಬಿಡಿ’ ಅಂದರೆ ತಾನು ಬರೆಸಿದ ಕರಾರನ್ನ ತಾನೇ ಹರಿಯಿರಿ ಅಂದ ಹಾಗೆ. ಒಪ್ಪಂದ ತಿದ್ದಿ ಆಮೇಲೆ ಉತ್ತೇಜಿಸಬೇಕು. ಬೊಲಿವಿಯಾ ಮಾಡಿದ್ದು ನೋಡಿ. ಅಲ್ಲಿಯವರಿಗೆ ಕೋಕಾ ಎಲೆ (ಕೊಕೇನ್ ತೆಗೆಯೋದು ಇದರಿಂದಲೇ) ನಮಗೆ ಎಲೆಅಡಿಕೆ ಇದ್ದ ಹಾಗೆ. ಅದನ್ನ ಅಗಿಯೋದು ತಪ್ಪು ಅಂದಿದ್ದಕ್ಕೆ ಒಪ್ಪಂದದಿಂದಲೇ ಎದ್ದು ಹೋದರು. 2013ರಲ್ಲಿ ಅಗಿಯೋಕೆ ವಿನಾಯಿತಿ ಇಟ್ಟುಕೊಂಡು ವಾಪಸ್ ಬಂದು ಕೂತರು.

ವಿಶ್ವಸಂಸ್ಥೆ ಒಳಗೂ ಒಂದೇ ದನಿ ಇಲ್ಲ. 2018ರಲ್ಲಿ ಅದರ ಎಲ್ಲ ಅಂಗಸಂಸ್ಥೆಗಳ ಮುಖ್ಯಸ್ಥರು ಕೂತು, ಸ್ವಂತ ಬಳಕೆಗೆ ಇಟ್ಟುಕೊಂಡವರನ್ನ ಅಪರಾಧಿ ಮಾಡಬೇಡಿ ಅನ್ನೋ ನಿಲುವಿಗೆ ಬಂದರು. 2023ರಲ್ಲಿ ಮಾನವ ಹಕ್ಕುಗಳ ಕಚೇರಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಳ್ಳಸಂತೆಯ ಕೈಯಿಂದ ಮಾಲನ್ನ ಕಿತ್ತುಕೊಳ್ಳೋಕೆ ಜವಾಬ್ದಾರಿಯುತ ನಿಯಂತ್ರಣದ ಬಗ್ಗೆ ಯೋಚಿಸಿ ಅಂದಿತು. ನಿಯಂತ್ರಣ ಮಂಡಳಿ ಮಾತ್ರ ಒಪ್ಪಂದ ಒಪ್ಪಂದವೇ ಅಂತ ಕೂತಿದೆ. ಒಂದೇ ಮನೆಯಲ್ಲಿ ಅತ್ತೆ ಬಾಗಿಲು ಹಾಕು ಅಂದರೆ ಸೊಸೆ ತೆಗಿ ಅಂತಾಳೆ.

ರಾಗಿಮುದ್ದೆ
ವಕೀಲರೇ, ಇದು ಚಿನ್ನ. ಮಗಳು ಪೂರ್ತಿ ಬರೆದುಕೊಂಡಳು. ಅತ್ತೆ ಸೊಸೆ ಉದಾಹರಣೆ ಮಾತ್ರ ಹೆಂಡತಿ ತೆಗೆಸಿದಳು.

ಏಲಕ್ಕಿ ಹಾರ
ನಾನು ಇಲ್ಲಿ ಬರೆಯೋದು ಕಡಿಮೆ. ಇದನ್ನ ಓದಿ ಸುಮ್ಮನಿರೋಕೆ ಆಗಲಿಲ್ಲ.

2009ರಲ್ಲಿ ನಮ್ಮಪ್ಪನಿಗೆ ಅನ್ನನಾಳದ ಕ್ಯಾನ್ಸರ್. ಕೊನೆಯ ನಾಲ್ಕು ತಿಂಗಳು ನೋವು ಎಷ್ಟಿತ್ತು ಅಂದರೆ ಮಲಗೋಕೇ ಆಗುತ್ತಿರಲಿಲ್ಲ. ಗೋಡೆಗೆ ದಿಂಬು ಕೊಟ್ಟು ಕೂತೇ ರಾತ್ರಿ ಕಳೆಯೋರು. ಮಾರ್ಫಿನ್ ಮಾತ್ರೆ ಬೇಕು ಅಂತ ಡಾಕ್ಟರ್ ಬರೆದರು. ಹಾವೇರಿಯಲ್ಲಿ ಐದು ಮೆಡಿಕಲ್ ಶಾಪ್ ಸುತ್ತಿದೆ. ಎಲ್ಲೂ ಇಲ್ಲ. ಒಬ್ಬರಂತೂ ಚೀಟಿ ನೋಡಿ, ‘ಇದನ್ನ ಹಿಡ್ಕೊಂಡು ಓಡಾಡಬೇಡಮ್ಮ’ ಅಂದರು. ನಾನೇನೋ ಕದ್ದು ತಂದ ಹಾಗೆ.

ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದೆ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಹದಿನೈದು ದಿನಕ್ಕಾಗುವಷ್ಟು ಕೊಟ್ಟರು, ಮುಂದಿನ ಸಲ ಬರುವಾಗ ಖಾಲಿ ಸ್ಟ್ರಿಪ್ ತರಬೇಕು ಅಂದರು. ಸಣ್ಣ ಬಿಳಿ ಮಾತ್ರೆ, 10 ಮಿಲಿಗ್ರಾಂ, ನಾಲ್ಕು ಗಂಟೆಗೊಂದು. ಕರ್ಚೀಫಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡು ಬಂದೆ. ದಾರಿಯಲ್ಲಿ ಪೊಲೀಸರು ಬಸ್ ಹತ್ತಿದರೆ ಏನು ಹೇಳಲಿ ಅಂತ ದಾವಣಗೆರೆವರೆಗೂ ನಿದ್ದೆ ಬರಲಿಲ್ಲ. ಅವತ್ತು ರಾತ್ರಿ ಅಪ್ಪ ಗೋಡೆ ಬಿಟ್ಟು ಚಾಪೆ ಮೇಲೆ ಕಾಲು ಚಾಚಿ ಮಲಗಿದರು. ಅಮ್ಮ ಎರಡು ಸಲ ಮೂಗಿನ ಹತ್ತಿರ ಕೈ ಇಟ್ಟು ಉಸಿರು ನೋಡಿದಳು.

ಆಮೇಲೆ ಗೊತ್ತಾಯಿತು. ಆ ಮಾತ್ರೆಯ ಅಫೀಮು ಬೆಳೆಯೋದು ನಮ್ಮ ದೇಶದಲ್ಲೇ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಸರ್ಕಾರದ ಲೈಸೆನ್ಸ್ ಮೇಲೆ ಬೆಳೆದು ಹೊರದೇಶಕ್ಕೂ ಕಳಿಸ್ತಾರೆ. 1985ರಲ್ಲಿ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾನೂನು ಬಂದ ಮೇಲೆ ಲೈಸೆನ್ಸುಗಳ ಗೋಜಲಿಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿ ಮಾಡಿ ಸಲೀಸು ಮಾಡಿದರು. ಅಪ್ಪನಿಗೆ ಅದು ಐದು ವರ್ಷ ತಡ.

ಬೆಳಗಾವಿ ಕುಂದಾ
ಅಕ್ಕಾರ, ಓದಿ ಕಣ್ಣು ತುಂಬಿತು. ಆದರೆ ಅದು ಔಷಧಿ. ಇಲ್ಲಿ ಚರ್ಚೆ ಮೋಜಿನದು. ಎರಡೂ ಬೇರೆ ಅಲ್ಲೇನ್ರಿ?

ಏಲಕ್ಕಿ ಹಾರ
ಬೇರೆಯೇ ಅಣ್ಣ. ಆದರೆ ಮೋಜು ಮಾಡೋರನ್ನ ಹಿಡಿಯೋಕೆ ಹಾಕಿದ ಬಲೆಗೆ ಬಿದ್ದವರು ನಾವು. ಮೋಜು ಮಾಡೋರು ಬೇರೆ ದಾರಿ ಹುಡುಕಿಕೊಂಡರು.

ಕರಿಕೋಟು
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 1961ರ ಒಪ್ಪಂದದ ಪೀಠಿಕೆಯಲ್ಲೇ ನೋವು ನಿವಾರಣೆಗೆ ಈ ಔಷಧಿಗಳು ಅನಿವಾರ್ಯ ಅಂತ ಬರೆದಿದೆ. ಅದನ್ನ ಮಾತ್ರ ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಮಲ್ಪೆ ಮೀನು
ಇನ್ನೊಂದು ಕಡೆಯಿಂದ ನಾನು ಹೇಳ್ತೇನೆ. ನನ್ನ ತಮ್ಮ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಗಾಂಜಾ ಶುರು ಮಾಡಿದ. ಗಿಡಮೂಲಿಕೆ ಅಣ್ಣ, ಬಿಯರ್‌ಗಿಂತ ಒಳ್ಳೇದು ಅಂತಿದ್ದ. ನಾನೂ ನಂಬಿದೆ. ಒಂದು ದಿನ ರೂಮಿನ ಫ್ಯಾನ್ ಒಳಗೆ ಯಾರೋ ಮೈಕ್ ಇಟ್ಟಿದ್ದಾರೆ ಅಂತ ಇಡೀ ಫ್ಯಾನ್ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿದ್ದ. ಸ್ಕ್ರೂಗಳನ್ನೆಲ್ಲ ಸೈಜ್ ಪ್ರಕಾರ ಜೋಡಿಸಿದ್ದ. ಅದನ್ನ ನೋಡಿದಾಗ ಆದ ಭಯ ಈಗಲೂ ಹೋಗಿಲ್ಲ. ಎಂಟು ತಿಂಗಳು ಚಿಕಿತ್ಸೆ. ಈಗ ಕೆಲಸಕ್ಕೆ ಹೋಗ್ತಾನೆ, ಮಾತ್ರೆ ತಗೊಳ್ತಾನೆ.

ಎಲ್ಲರಿಗೂ ಹೀಗಾಗಲ್ಲ ಅಂತ ಡಾಕ್ಟರೇ ಹೇಳಿದರು. ಚಿಕ್ಕ ವಯಸ್ಸು, ಜಾಸ್ತಿ ನಶೆಯ ಮಾಲು, ಮನೆತನದಲ್ಲಿ ಕಾಯಿಲೆ ಇದ್ದರೆ ಅಪಾಯ ಜಾಸ್ತಿ ಅಂದರು. ನಮ್ಮ ಚಿಕ್ಕಪ್ಪನಿಗೆ ಇತ್ತು. ಯಾರಿಗೆ ನೆನಪಾಗಬೇಕು?

ಜೈಲಿಗೆ ಹಾಕಿ ಅಂತ ನಾನು ಹೇಳಲ್ಲ. ನಮ್ಮ ತಮ್ಮ ಜೈಲಿಗೆ ಹೋಗಿದ್ದರೆ ವಾಪಸ್ ಬರ್ತಿರಲಿಲ್ಲ. ಹಾಗಂತ ಹಸಿರೆಲೆ ಬೋರ್ಡು ಹಾಕಿ ಅಂಗಡಿ ಇಡಿ ಅಂತಾನೂ ನನ್ನ ಬಾಯಲ್ಲಿ ಬರಲ್ಲ. ವಿಶ್ವಸಂಸ್ಥೆ ‘ಉತ್ತೇಜಿಸಿತು’ ಅಂತ ಪೇಪರಲ್ಲಿ ಬಂದರೆ, ಹದಿನೆಂಟು ವರ್ಷದ ಹುಡುಗ ಅದನ್ನ ‘ಒಳ್ಳೇದಂತೆ’ ಅಂತಲೇ ಓದೋದು.

ಟೊರಾಂಟೊ ತಿಂಡಿಪೋತ
ಮಲ್ಪೆಯವರೇ, ನಿಮ್ಮ ತಮ್ಮ ಹುಷಾರಾಗಿರಲಿ. ನಿಮ್ಮ ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಒಂದೇ ಒಂದು: ಇಲ್ಲಿ ಡಬ್ಬಿ ಮೇಲೆ ನಶೆಯ ಅಂಶ ಎಷ್ಟು ಅಂತ ಬರೆದಿರುತ್ತೆ. ನಿಮ್ಮ ತಮ್ಮನಿಗೆ ಸಿಕ್ಕ ಪೊಟ್ಟಣದ ಮೇಲೆ ಏನೂ ಬರೆದಿರಲಿಲ್ಲ.

ಮಲ್ಪೆ ಮೀನು
ಬರೆದಿದ್ದರೆ ಅವನು ಜಾಸ್ತಿ ಇರೋದನ್ನೇ ಆರಿಸಿಕೊಳ್ತಿದ್ದ. ನನ್ನ ತಮ್ಮ ನನಗೆ ಗೊತ್ತು.

ಮಾಸ್ತರು (ರಿಟೈರ್ಡ್)
ನಾವು ಇದನ್ನೆಲ್ಲ ಹೊಸ ಚರ್ಚೆ ಅಂದುಕೊಂಡಿದ್ದೇವೆ. ಬ್ರಿಟಿಷರ ಕಾಲದಲ್ಲೇ, 1893-94ರಲ್ಲಿ, ಗಾಂಜಾ ಚರಸ್ ಭಂಗಿ ಬಗ್ಗೆ ಒಂದು ಆಯೋಗ ಕೂತಿತ್ತು. 1,193 ಸಾಕ್ಷಿಗಳನ್ನ ಕೇಳಿ, ಏಳು ಸಂಪುಟ ವರದಿ ಬರೆದರು. ಮಿತವಾಗಿ ಬಳಸಿದರೆ ದೊಡ್ಡ ಹಾನಿ ಇಲ್ಲ, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಲೈಸೆನ್ಸ್ ಹಾಕಿ ಹಿಡಿತದಲ್ಲಿಡಿ ಅಂದರು. ಬ್ರಿಟಿಷರಿಗೆ ತೆರಿಗೆ ಮೇಲೆ ಆಸೆ ಇತ್ತು ಅನ್ನೋದನ್ನೂ ಮರೆಯಬೇಡಿ.

1961ರ ಒಪ್ಪಂದದಲ್ಲಿ ಗಾಂಜಾ ಬಳಕೆ ನಿಲ್ಲಿಸೋಕೆ ನಮ್ಮಂಥ ದೇಶಗಳಿಗೆ 25 ವರ್ಷ ಗಡುವು ಸಿಕ್ಕಿತು. ಗಡುವು ಹತ್ತಿರ ಬಂದಾಗ 1985ರ ಎನ್‌ಡಿಪಿಎಸ್ ಕಾಯ್ದೆ ಬಂತು. ಅಂದರೆ ನಮ್ಮ ನಿಷೇಧಕ್ಕೂ ಹೊರಗಿನ ತಳ್ಳು ಇತ್ತು. ನಿಷೇಧಿಸಿ ಅಂತ ಅಂತಾರಾಷ್ಟ್ರೀಯ ಸಂಸ್ಥೆ ಹೇಳಬಹುದಾದರೆ, ಸಡಿಲಿಸಿ ಅಂತ ಯಾಕೆ ಹೇಳಬಾರದು? ಮಗುವಿಗೆ ಈ ಪ್ರಶ್ನೆ ಕೊಡಿ. ನನಗೆ ವೈಯಕ್ತಿಕವಾಗಿ ಯಾರೂ ಹೊರಗಿಂದ ಹೇಳಬಾರದು ಅನ್ನಿಸುತ್ತೆ. ಅದು ಬೇರೆ ಮಾತು.

ಒಗ್ಗರಣೆ ಡಬ್ಬಿ
ಹಾಗಾದ್ರೆ ಶಿವರಾತ್ರಿ ಭಂಗಿ? ಅದೂ ನಿಷೇಧವಾ?

ಕರಿಕೋಟು
ಇಲ್ಲ. ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವಿನ ತುದಿ. ತುದಿ ಜೊತೆಯಲ್ಲಿ ಇಲ್ಲದಿದ್ದರೆ ಎಲೆ, ಬೀಜ ಲೆಕ್ಕಕ್ಕಿಲ್ಲ. 2022ರಲ್ಲಿ ನಮ್ಮ ಹೈಕೋರ್ಟ್ ಕೂಡ ಒಂದು ಭಂಗಿ ಕೇಸಲ್ಲಿ ಇದೇ ಆಧಾರದ ಮೇಲೆ ಜಾಮೀನು ಕೊಟ್ಟಿತು. ಆದರೆ ರಾಜ್ಯದ ಅಬಕಾರಿ ಕಾನೂನು ಬೇರೆ ಇದೆ, ಇದನ್ನ ಓದಿ ಹಿತ್ತಲಿಗೆ ಓಡಬೇಡಿ. ಹೂವಿನ ತುದಿಯಾದರೆ ಒಂದು ಕೆಜಿವರೆಗೆ ‘ಅಲ್ಪ ಪ್ರಮಾಣ’, ಒಂದು ವರ್ಷದವರೆಗೆ ಶಿಕ್ಷೆ. 20 ಕೆಜಿ ಮೀರಿದರೆ ‘ವಾಣಿಜ್ಯ ಪ್ರಮಾಣ’, ಕನಿಷ್ಠ 10 ವರ್ಷ. ಒಂದೇ ಗಿಡ. ಎಲೆಯಾದರೆ ಹಬ್ಬ, ಹೂವಾದರೆ ಜೈಲು.

ಬೆಂಗ್ಳೂರು ಬಿಸಿಲು
ಲೆಕ್ಕಕ್ಕೆ ಇರಲಿ: ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ಮಾಡಿದ 2019ರ ಸಮೀಕ್ಷೆಯಲ್ಲಿ ಮದ್ಯ ಕುಡಿಯೋರು ಸುಮಾರು 16 ಕೋಟಿ, ಗಾಂಜಾ ಭಂಗಿ ಚರಸ್ ಎಲ್ಲ ಸೇರಿ ಸುಮಾರು 3.1 ಕೋಟಿ. ಲೀಗಲ್ ಮಾಡಿದರೆ ಬಳಕೆ ಕಡಿಮೆ ಆಗುತ್ತೆ ಅನ್ನೋರು ಈ ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು ನೋಡಲಿ.

ಕುಡ್ಲ ಕಡಲು
ಅಲ್ಲ, ಅದರಲ್ಲಿ ಭಂಗಿಯೂ ಇದೆಯಲ್ಲ, ಅದು ಹೆಚ್ಚು ಕಡಿಮೆ ಲೀಗಲ್ಲೇ. ಸಮೀಕ್ಷೆಯನ್ನ ನಿಮಗೆ ಬೇಕಾದ ಕಡೆ ಎಳೀಬೇಡಿ.

ಬೆಂಗ್ಳೂರು ಬಿಸಿಲು
2020ರಲ್ಲಿ ಪಟ್ಟಿಯಿಂದಲೇ ತೆಗೆದರು ಅಂದವರು ಯಾರು ಇಲ್ಲಿ?

ಕುಡ್ಲ ಕಡಲು
ಸೋತೆ ಮಾರಾಯ್ರೆ.

ರಾಗಿಮುದ್ದೆ
ಎಲ್ಲರಿಗೂ ಥ್ಯಾಂಕ್ಸ್. ಮಗಳು ತಯಾರಾಗಿದ್ದಾಳೆ. ಏಲಕ್ಕಿ ಮೇಡಂ ಅವರ ತಂದೆಯ ವಿಷಯ ಹೆಸರು ಊರು ಹೇಳದೆ ಬಳಸಲಾ ಅಂತ ಕೇಳ್ತಿದ್ದಾಳೆ. ಅದರಿಂದ ಶುರು ಮಾಡಿ, ಅತ್ತೆ ಸೊಸೆ ಬಿಟ್ಟು ವಕೀಲರು ಹೇಳಿದ್ದನ್ನೆಲ್ಲ ಹೇಳಿ, ಕೊನೆಗೆ ಮಾಸ್ತರ ಪ್ರಶ್ನೆ ಕೇಳಿ ಇಳಿಯೋದಂತೆ. ಫ್ಯಾನ್ ಬಿಚ್ಚಿದ ತಮ್ಮನ ವಿಷಯ ಓದಿದ ಮೇಲೆ, ‘ಅಪ್ಪ, ನಂಗೆ ವಿರುದ್ಧ ಬಂದಿದ್ರೇ ಚೆನ್ನಾಗಿತ್ತು’ ಅಂದಳು. ನನಗೆ ಏನು ಹೇಳಬೇಕು ಗೊತ್ತಾಗಲಿಲ್ಲ.

ಅಮ್ಮ ತಾನೂ ಕಾಲೇಜಿಗೆ ಬರ್ತೀನಿ ಅಂತ ಹಠ ಹಿಡಿದು ಕೂತಿದ್ದಾರೆ. ತೀರ್ಪುಗಾರರ ಎದುರು ಹಿತ್ತಲ ಕತೆ ತೆಗೀದಿದ್ರೆ ಸಾಕು.

ಏಲಕ್ಕಿ ಹಾರ
ಬಳಸಲಿ ಪುಟ್ಟಿ. ಖಾಲಿ ಸ್ಟ್ರಿಪ್ ವಾಪಸ್ ಕೊಡಬೇಕಿತ್ತು ಅನ್ನೋದನ್ನ ಬಿಡದೆ ಹೇಳಲಿ.

ಕರಿಕೋಟು
ಅಜ್ಜಿ ಹೇಳಲಿ ಬಿಡಿ ಸಾರ್. 1985ಕ್ಕಿಂತ ಮುಂಚಿನ ಗಿಡ ತಾನೆ? ಆಗಿನ ಅಬಕಾರಿ ಇನ್‌ಸ್ಪೆಕ್ಟರೂ ರಿಟೈರ್ ಆಗಿರ್ತಾರೆ.